ಪೌಲನ ಶೂಲ

ಓದತಕ್ಕ ವೇದಭಾಗ: ೨ ಕೊರಿಂಥ ೧೨: ೧–೧೦, ಇದರ ಸಂಗಡ ೧: ೩–೧೧



ಕ್ರೈಸ್ತನ ಮನೆಯಲ್ಲಿ ಒಂದು ಮಗು ಸತ್ತರೆ, ಇಲ್ಲವೆ ದುಡಿಯುವ ಮಗನು ರೋಗದಲ್ಲಿ ಬಿದ್ದರೆ, ಆ ಮನೆಯ ಬಾಗಿಲಿಗೆ ಎರಡು ಬಗೆಯ ಮಾತುಗಳು ಬರುವವು. ಊರಿನವರು ಬಂದು, ಹಿರಿಯರು ನಡೆದುಕೊಂಡ ದೇವರನ್ನು ಬಿಟ್ಟಿರಿ, ಮನೆದೇವರ ಹರಕೆಯನ್ನು ನಿಲ್ಲಿಸಿದಿರಿ, ಅದರ ಫಲವನ್ನು ಈಗ ಉಣ್ಣುತ್ತೀರಿ ಅನ್ನುವರು. ಸಭೆಯೊಳಗಿನವರಲ್ಲಿ ಕೆಲವರು ಬಂದು, ನಿಮ್ಮ ನಂಬಿಕೆ ಸಾಲದು, ಮನೆಯಲ್ಲಿ ಯಾವದೋ ಗುಪ್ತವಾದ ಪಾಪ ಉಂಟು, ಇಲ್ಲದಿದ್ದರೆ ಇಷ್ಟು ಪ್ರಾರ್ಥನೆಗೆ ಉತ್ತರ ಸಿಕ್ಕಬೇಕಾಗಿತ್ತು ಅನ್ನುವರು. ಮೊದಲನೆಯವರಿಗೆ ಉತ್ತರ ಕೊಡುವದು ಅಷ್ಟು ಕಷ್ಟವಲ್ಲ. ಎರಡನೆಯವರ ಮಾತು ಹೆಚ್ಚಾಗಿ ನೋಯಿಸುವದು. ಯಾಕಂದರೆ ಅದು ಸತ್ಯವೇದವನ್ನು ಕೈಯಲ್ಲಿ ಹಿಡಿದುಕೊಂಡು ಬರುತ್ತದೆ. ಆದರೆ ಚೆನ್ನಾಗಿ ನೋಡಿದರೆ ಎರಡೂ ಒಂದೇ ಮಾತು. ಸಂಕಟವೆಂಬದು ಒಂದು ಸಾಲ, ಸಾಲಗಾರನೇ ಅದನ್ನು ತೀರಿಸುತ್ತಿದ್ದಾನೆ ಎಂಬದೇ ಎರಡಕ್ಕೂ ಬೇರು.

ನಮ್ಮ ಕರ್ತನು ಈ ಬೇರಿಗೆ ಎರಡು ಸಾರಿ ಕೊಡಲಿ ಹಾಕಿದನು. ಹುಟ್ಟುಕುರುಡನನ್ನು ಕಂಡ ಶಿಷ್ಯರು, ಪಾಪಮಾಡಿದವನು ಇವನೋ ಇವನ ತಂದೆತಾಯಿಗಳೋ ಎಂದು ಕೇಳಿದಾಗ, ಇವನೂ ಅಲ್ಲ ಅವರೂ ಅಲ್ಲ ಎಂಬದಾಗಿ ಉತ್ತರಕೊಟ್ಟನು (ಯೋಹಾನ ೯). ಸಿಲೊವದಲ್ಲಿ ಬುರುಜು ಬಿದ್ದು ೧೮ ಮಂದಿ ಸತ್ತ ಸುದ್ದಿಯ ವಿಷಯದಲ್ಲಿಯೂ, ಅವರು ಯೆರೂಸಲೇಮಿನ ಬೇರೆ ನಿವಾಸಿಗಳಿಗಿಂತ ಹೆಚ್ಚಿನ ಅಪರಾಧಿಗಳೆಂದು ಎಣಿಸಕೂಡದೆಂದು ತಿಳಿಸಿದನು (ಲೂಕ ೧೩). ಆದಾಗ್ಯೂ ಕಡಿದ ಬೇರು ಗರಿಕೆಯಂತೆ ತಿರುಗಿ ಚಿಗುರುತ್ತಲೇ ಇರುವದು. ಆದದರಿಂದ ಈ ತಿಂಗಳಿನ ಪಾಠಕ್ಕೆ ಅಪೊಸ್ತಲನಾದ ಪೌಲನ ಜೀವಮಾನದೊಳಗಿನ ಒಂದು ಸಂಗತಿಯನ್ನು ಆರಿಸಿಕೊಂಡಿದ್ದೇವೆ. ಅದೇನಂದರೆ, ದೇವರು ಕೇಳಿಯೂ ತೆಗೆಯದೆ ಬಿಟ್ಟ ಒಂದು ಬಾಧೆ.

ಕೊರಿಂಥವು ಗ್ರೀಕ್ ದೇಶದಲ್ಲಿ ಎರಡು ರೇವುಗಳ ನಡುವೆ ಇದ್ದ ವ್ಯಾಪಾರದ ಪಟ್ಟಣ. ಪೌಲನು ಅಲ್ಲಿ ಒಂದು ವರುಷ ಆರು ತಿಂಗಳು ಇದ್ದನು, ಅಕ್ವಿಲ ಪ್ರಿಸ್ಕಿಲ್ಲರ ಮನೆಯಲ್ಲಿ ಇಳುಕೊಂಡು, ಗುಡಾರ ಮಾಡುವ ಕಸಬಿನಿಂದ ಹೊಟ್ಟೆ ಹೊರೆದುಕೊಂಡು ಸುವಾರ್ತೆ ಸಾರಿದನು (ಅ. ಕೃತ್ಯಗಳು ೧೮). ಅವನು ಹೊರಟುಹೋದ ತರುವಾಯ ಬೇರೆ ಬೋಧಕರು ಶಿಫಾರಸು ಪತ್ರಗಳನ್ನು ಹಿಡಿದುಕೊಂಡು ಬಂದರು. ಮಾತಿನಲ್ಲಿ ಬಲ್ಲವರು, ತಮ್ಮನ್ನು ತಾವೇ ಹೊಗಳಿಕೊಳ್ಳುವವರು. ಪೌಲನ ಕಾಗದಗಳು ಘನವಾದವುಗಳೇ, ಆದರೆ ಎದುರಿಗೆ ಬಂದರೆ ಮನುಷ್ಯನು ನಿರ್ಬಲನು, ಮಾತೋ ಲೆಕ್ಕಕ್ಕಿಲ್ಲದ್ದು ಎಂಬ ಹಾಸ್ಯವು ಸಭೆಯಲ್ಲಿ ಹುಟ್ಟಿತು (೧೦: ೧೦). ಇಂಥಾ ಬಲಹೀನನಲ್ಲಿ ದೇವರ ಬಲ ಹೇಗಿದ್ದೀತು ಎಂಬದು ಆ ಹಾಸ್ಯದ ಹಿಂದಿನ ಪ್ರಶ್ನೆ. ಕ್ರಿ. ಶ. ೫೫–೫೬ರ ಸುಮಾರಿನಲ್ಲಿ ಮಕೆದೋನ್ಯದಿಂದ ಬರೆದ ಈ ಪತ್ರಿಕೆಯಲ್ಲಿ ಪೌಲನು ಅದಕ್ಕೆ ಉತ್ತರ ಕೊಡುತ್ತಾನೆ.

ಅವನ ಉತ್ತರದ ರೀತಿಯನ್ನು ನೋಡಿರಿ. ನಾನೂ ಹೊಗಳಿಕೊಳ್ಳುತ್ತೇನೆ ಎಂದು ಆರಂಭಿಸಿ, ಪೆಟ್ಟುಗಳ ಲೆಕ್ಕವನ್ನು ಮುಂದಿಡುತ್ತಾನೆ. ಯೆಹೂದ್ಯರಿಂದ ಐದು ಸಾರಿ ಒಂದು ಕಡಿಮೆ ನಾಲ್ವತ್ತು, ಅಂದರೆ ಒಟ್ಟಿಗೆ ೧೯೫ ಕೊರಡೆಯ ಏಟು. ಮೂರು ಸಾರಿ ಬೆತ್ತದ ಹೊಡೆತ. ಒಂದು ಸಾರಿ ಕಲ್ಲೆಸೆತ. ಮೂರು ಸಾರಿ ಹಡಗು ಒಡೆದದ್ದು. ಒಂದು ಹಗಲೂ ರಾತ್ರಿಯೂ ಸಮುದ್ರದ ನೀರಿನಲ್ಲಿ ಕಳೆದದ್ದು. ಹಸಿವು, ಬಾಯಾರಿಕೆ, ಚಳಿ, ಮೈಮೇಲೆ ಬಟ್ಟೆಯಿಲ್ಲದಿರೋಣ (ಅಧ್ಯಾಯ ೧೧). ಕಡೆಗೆ ದಮಸ್ಕದ ಗೋಡೆಯ ಕಿಂಡಿಯಿಂದ ಬುಟ್ಟಿಯಲ್ಲಿ ಕೂತು ಇಳಿದು ಓಡಿಹೋದದ್ದನ್ನೂ ಬಿಡದೆ ಬರೆದಿದ್ದಾನೆ. ಊರಿನ ಪಟೇಲನು ತನ್ನ ಮರ್ಯಾದೆಗಳನ್ನು ಹೇಳಿಕೊಳ್ಳುವಾಗ, ಒಮ್ಮೆ ಬುಟ್ಟಿಯಲ್ಲಿ ಅಡಗಿ ತಪ್ಪಿಸಿಕೊಂಡೆನೆಂದು ಹೇಳುವನೋ? ಪೌಲನು ಹೇಳಿದನು.

ಇದಾದ ಮೇಲೆ ೧೪ ವರುಷಗಳ ಹಿಂದೆ ತನಗೆ ಉಂಟಾದ ಒಂದು ದರ್ಶನದ ಮಾತನ್ನು ಎತ್ತುತ್ತಾನೆ. ಮೂರನೆಯ ಆಕಾಶದ ತನಕ, ಪರದೈಸಿನೊಳಕ್ಕೆ, ಒಯ್ಯಲ್ಪಟ್ಟನಂತೆ. ಆದರೆ ಅಲ್ಲಿ ಕೇಳಿದ ಮಾತುಗಳು ಮನುಷ್ಯನು ಆಡಕೂಡದವುಗಳಾದದರಿಂದ ಅವುಗಳಲ್ಲಿ ಒಂದನ್ನಾದರೂ ನಮಗೆ ತಿಳಿಸಲಿಲ್ಲ. ಆ ದರ್ಶನದ ಬೆನ್ನಿಗೇ ಬಂದ ಶೂಲದ ವಿಷಯದಲ್ಲಾದರೋ ಕರ್ತನು ಆಡಿದ ಮಾತನ್ನು ಇದ್ದಹಾಗೆಯೇ ಬರೆದಿಟ್ಟನು. ಪರದೈಸಿನಿಂದ ಸಭೆಗೆ ಒಂದು ಮಾತೂ ಬರಲಿಲ್ಲ. ಶೂಲದಿಂದ ಬಂದ ಮಾತಿನ ಮೇಲೆ ಸಭೆಯು ಈ ಹೊತ್ತಿನ ವರೆಗೂ ಜೀವಿಸುತ್ತಿದೆ. ಇದನ್ನು ಓದುವವರು ಸ್ವಲ್ಪ ನಿಂತು ಯೋಚಿಸತಕ್ಕದ್ದು.

ಶೂಲವೆಂದು ನಾವು ಓದುವ ಗ್ರೀಕ್ ಮಾತು ಮುಳ್ಳಿಗೂ ಚೂಪಾದ ಗೂಟಕ್ಕೂ ಸಲ್ಲುವಂಥಾದ್ದು. ಅದು ಏನಾಗಿತ್ತು? ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ, ಸಾಧ್ಯವಾಗಿದ್ದರೆ ನಿಮ್ಮ ಕಣ್ಣುಗಳನ್ನೇ ಕಿತ್ತು ನನಗೆ ಕೊಡುತ್ತಿದ್ದಿರಿ ಎಂಬ ಅರ್ಥದ ಮಾತಿರುವದರಿಂದ ಕಣ್ಣಿನ ರೋಗವೆಂದು ಕೆಲವರು ಅನ್ನುತ್ತಾರೆ. ಚಿಕ್ಕಾಸ್ಯದ ಊರುಗಳನ್ನು ತಿರುಗಿ ನೋಡಿದ ರಾಮ್ಸೆ ಎಂಬ ವಿದ್ವಾಂಸರು ಅದು ಪಂಫುಲ್ಯದ ತಗ್ಗುಸೀಮೆಯಲ್ಲಿ ಹತ್ತಿದ ಮಲೇರಿಯ ಜ್ವರವೆಂದು ಅಭಿಪ್ರಾಯಪಟ್ಟರು. (ಮಲೆನಾಡಿನ ಹಳೆಯ ಕುಟುಂಬಗಳಿಗೆ ಆ ನಡುಗಿಸುವ ಜ್ವರದ ಕಥೆಯನ್ನು ಬೇರೆಯವರು ಹೇಳಬೇಕಾದದ್ದಿಲ್ಲ.) ಮೂರ್ಛೆರೋಗವೆಂದು ಹೇಳಿದವರೂ ಇದ್ದಾರೆ; ಹಿಂಸಿಸುವ ವಿರೋಧಿಗಳೇ ಶೂಲವೆಂದವರೂ ಇದ್ದಾರೆ. ಪೌಲನು ಹೆಸರು ಹೇಳದೆ ಬಿಟ್ಟದ್ದು ಒಳ್ಳೇದಾಯಿತೆಂದು ನಮಗೆ ತೋರುತ್ತದೆ. ಕಣ್ಣುನೋವೆಂದು ಬರೆದಿದ್ದರೆ ಕಣ್ಣುನೋವಿನವರು ಮಾತ್ರ ಈ ಪಾಠವನ್ನು ತಮ್ಮದೆಂದು ಎಣಿಸುತ್ತಿದ್ದರು. ಈಗಾದರೋ ಕೆಮ್ಮುವವನೂ, ಬಂಜೆಯೆಂದು ಬೈಸಿಕೊಳ್ಳುವವಳೂ, ಕುಡುಕನಾದ ಮಗನ ತಾಯಿಯೂ ತಮ್ಮ ತಮ್ಮ ಮುಳ್ಳನ್ನು ಹಿಡಿದುಕೊಂಡು ಇಲ್ಲಿಗೆ ಬರಬಹುದು.

ಇದನ್ನು ತೆಗೆದುಬಿಡು ಎಂದು ಪೌಲನು ಮೂರು ಸಾರಿ ಬೇಡಿಕೊಂಡನು. ಬೇಡಿದ್ದು ತಪ್ಪಲ್ಲ. ಗೆತ್ಸೇಮನೆ ತೋಟದಲ್ಲಿ ನಮ್ಮ ರಕ್ಷಕನು ತಾನೇ ಮೂರು ಸಾರಿ ಬೇಡಿಕೊಂಡನಲ್ಲಾ. ನೋವನ್ನು ನೋವೆಂದು ಹೇಳದೆ ಹಲ್ಲು ಕಚ್ಚಿ ಸುಮ್ಮನಿರುವದೇ ಭಕ್ತಿಯೆಂದು ಕೆಲವರು ತಿಳುಕೊಂಡಿದ್ದಾರೆ. ಕೀರ್ತನೆಗಳನ್ನು ಬಲ್ಲವರು ಹಾಗೆ ತಿಳಿಯಲಾರರು. ಎಂಭತ್ತೆಂಟನೆಯ ಕೀರ್ತನೆಯು ಮೊದಲಿನಿಂದ ಕೊನೆಯ ವರೆಗೆ ಅಳುವೇ. ಕತ್ತಲೆಯೆಂಬ ಮಾತಿನೊಂದಿಗೆ ಅದು ಮುಗಿದುಹೋಗುತ್ತದೆ. ಆದರೂ ದೇವರ ಗ್ರಂಥದಲ್ಲಿ ಅದಕ್ಕೆ ಸ್ಥಳ ಸಿಕ್ಕಿತು.

ವೈದ್ಯನ ಬಳಿಗೆ ಹೋಗುವದೂ ಅಪನಂಬಿಕೆಯಲ್ಲ. ಪೌಲನ ಸಂಗಡ ತಿರುಗಾಡಿದ ಲೂಕನು ವೈದ್ಯನು (ಕೊಲೊಸ್ಸೆ ೪: ೧೪). ತಿಮೊಥೆಯನ ಹೊಟ್ಟೆಯ ಬೇನೆಗೆ ಪೌಲನು ಬರೀ ಪ್ರಾರ್ಥನೆಯನ್ನು ಹೇಳಿಕಳುಹಿಸದೆ, ಸ್ವಲ್ಪ ದ್ರಾಕ್ಷಾರಸವನ್ನು ಔಷಧದಂತೆ ತೆಗೆದುಕೊಳ್ಳೆಂದು ಬರೆದನು. ಎಪಫ್ರೊದೀತನು ರೋಗದಿಂದ ಸಾಯುವ ಹಾಗಾಗಿದ್ದನು. ತ್ರೊಫಿಮನನ್ನು ರೋಗಿಯಾಗಿಯೇ ಮಿಲೇತದಲ್ಲಿ ಬಿಟ್ಟುಬರಬೇಕಾಯಿತು. ಅಪೊಸ್ತಲನ ಸ್ವಂತ ಜೊತೆಗೆಲಸದವರೇ ಇವರು. ನಂಬಿಕೆ ಇದ್ದವನಿಗೆ ರೋಗವಿರಕೂಡದೆಂದು ಬೋಧಿಸುವವರು ಈ ಮೂವರಿಗೂ ಏನು ಹೇಳುವರೋ ತಿಳಿಯದು. ರೋಗಿಯು ಮಾತ್ರೆ ಬಿಡಬೇಕೆಂದು ಅವರು ಹೇಳಿದರೆ, ಅಂಥಾ ಮಾತಿಗೆ ಕಿವಿಗೊಡಕೂಡದು.

ಮೂರನೆಯ ಬೇಡಿಕೆಗೆ ಉತ್ತರ ಬಂತು. ಶೂಲವನ್ನು ತೆಗೆಯುತ್ತೇನೆಂದಲ್ಲ, ನನ್ನ ಕೃಪೆ ನಿನಗೆ ಸಾಕು, ಬಲಹೀನತೆ ಇರುವಲ್ಲಿಯೇ ನನ್ನ ಬಲವು ಪೂರ್ಣವಾಗುವದು ಎಂಬ ಅರ್ಥವುಳ್ಳ ಉತ್ತರ. ಗ್ರೀಕ್ ಮೂಲದಲ್ಲಿ ಎರಡು ಸಂಗತಿಗಳಿವೆ. ಅವುಗಳನ್ನು ತಿಳಿದರೆ ಈ ವಚನಕ್ಕೆ ಬೆಳಕು ಬರುತ್ತದೆ. ಕರ್ತನು ಹೇಳಿದ್ದಾನೆ ಎಂಬ ಕ್ರಿಯಾಪದವು, ಒಮ್ಮೆ ಹೇಳಿದ ಮಾತು ಇಂದಿಗೂ ನಿಂತಿದೆ ಎಂಬ ಅರ್ಥವನ್ನು ಕೊಡುವ ರೂಪದಲ್ಲಿದೆ. ಸಾಕು ಎಂಬದೋ ವರ್ತಮಾನಕಾಲದಲ್ಲಿದೆ. ಮುಂದೆ ಸಾಕಾಗುವದು ಎಂದಲ್ಲ, ಈಗಲೇ ಸಾಕಾಗಿದೆ.

ಎರಡನೆಯದು ಇನ್ನೂ ಅಂದವಾದದ್ದು. ಕ್ರಿಸ್ತನ ಬಲವು ನನ್ನ ಮೇಲೆ ನೆಲಸಲಿ ಎಂದು ನಾವು ಓದುವ ಸ್ಥಳದಲ್ಲಿ ಪೌಲನು ಉಪಯೋಗಿಸಿದ ಪದಕ್ಕೆ ಗುಡಾರ ಎಂಬ ಮಾತೇ ಮೂಲ. ಕ್ರಿಸ್ತನ ಬಲವು ನನ್ನ ಮೇಲೆ ಗುಡಾರ ಹಾಕಿಕೊಂಡಿರಲಿ ಎಂಬ ಹಾಗೆ. ಗುಡಾರ ಹೊಲಿದು ಕೈ ಒರಟಾದವನು ಬರೆದ ಮಾತಿದು! ಬೆಳೆಯನ್ನು ಕಾಯುವದಕ್ಕೆ ಹೊಲದಲ್ಲಿ ಗುಡಿಸಲು ಹಾಕಿಕೊಂಡು ಮಲಗುವವರು ಇದನ್ನು ಸುಲಭವಾಗಿ ಗ್ರಹಿಸುವರು. ಗುಡಿಸಲು ಮಳೆಯನ್ನು ನಿಲ್ಲಿಸದು, ಗಾಳಿಯನ್ನು ಓಡಿಸದು. ಮಳೆಯ ಒಳಗೆಯೇ ಮನುಷ್ಯನು ಇರುಳನ್ನು ಕಳೆಯುವಂತೆ ಮಾಡುವದು. ಬೆಳಗಾದಾಗ ಅವನು ಹೊಲದಲ್ಲಿಯೇ ಇರುತ್ತಾನೆ, ಬೆಳೆಯೂ ಇರುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಪೌಲನು ತನ್ನ ಶೂಲವನ್ನು ಸೈತಾನನ ದೂತನೆಂದು ಕರೆದನು. ಅದೇ ವಾಕ್ಯದಲ್ಲಿ, ತಾನು ಉಬ್ಬಿಕೊಳ್ಳದ ಹಾಗೆ ಅದು ತನಗೆ ಕೊಡಲ್ಪಟ್ಟಿತೆಂದೂ ಹೇಳಿದನು. ಎರಡು ಮಾತುಗಳನ್ನೂ ಒಟ್ಟಿಗೆ ಹಿಡುಕೊಳ್ಳಬೇಕು. ಕೆಟ್ಟದ್ದು ಕೆಟ್ಟದ್ದೇ, ದೇವರು ಅದನ್ನು ತನ್ನ ಕೆಲಸಕ್ಕೆ ಹಚ್ಚಿದನೆಂದ ಮಾತ್ರಕ್ಕೆ ಅದು ಒಳ್ಳೆಯದಾಗಲಿಲ್ಲ. ಮಗುವನ್ನು ಮಣ್ಣಿಗೆ ಕೊಟ್ಟು ಬಂದ ತಾಯಿಯ ಮುಂದೆ, ಎಲ್ಲಾ ಒಳ್ಳೆಯದಕ್ಕೇ ಆಯಿತಮ್ಮಾ ಎಂದು ಹೇಳುವವನು ಪೌಲನಿಗಿಂತ ಹೆಚ್ಚು ಬಲ್ಲವನೋ?

ಹಾಗೆಯೇ ಮನುಷ್ಯರು ನಮ್ಮ ಮೇಲೆ ಹೇರುವ ಅನ್ಯಾಯವನ್ನೂ ದೇವರು ಕೊಟ್ಟ ಶೂಲವೆಂದು ಹೆಸರಿಟ್ಟು ಸುಮ್ಮನಿರಬೇಕೆಂದು ಈ ಪಾಠವು ಕಲಿಸುವದಿಲ್ಲ. ಫಿಲಿಪ್ಪಿಯಲ್ಲಿ ವಿಚಾರಣೆಯಿಲ್ಲದೆ ಹೊಡಿಸಿ ಸೆರೆಗೆ ಹಾಕಿದ ಅಧಿಕಾರಿಗಳು ಮರುದಿನ ಗುಟ್ಟಾಗಿ ಬಿಟ್ಟುಬಿಡಲು ನೋಡಿದಾಗ, ನಾವು ರೋಮ್ ಹಕ್ಕುಳ್ಳವರು, ಅವರೇ ಬಂದು ನಮ್ಮನ್ನು ಹೊರಗೆ ಕರಕೊಂಡು ಹೋಗಲಿ ಎಂದು ಪೌಲನು ಕುಳಿತುಬಿಟ್ಟನು (ಅ. ಕೃತ್ಯಗಳು ೧೬). ಕೂಲಿಯನ್ನು ತಡೆಹಿಡಿಯುವ ಒಡೆಯನಿಗೂ, ಕುಡಿದು ಹೆಂಡತಿಯನ್ನು ಬಡಿಯುವ ಗಂಡನಿಗೂ ೨ ಕೊರಿಂಥದ ಹನ್ನೆರಡನೆಯ ಅಧ್ಯಾಯವು ಆಸರೆ ಕೊಡುವದಿಲ್ಲ. ತೆಗೆಯಬಹುದಾದ ಮುಳ್ಳನ್ನು ತೆಗೆಯತಕ್ಕದ್ದು. ನಾವು ಮಾತಾಡುವದು, ತೆಗೆಯಲು ಮಾಡತಕ್ಕದ್ದೆಲ್ಲವನ್ನೂ ಮಾಡಿದ ಮೇಲೆಯೂ ಉಳಿದುಕೊಂಡ ಮುಳ್ಳಿನ ಸಂಗತಿ.

ಅಂಥಾ ಮುಳ್ಳು ಯಾಕೆ ಬಂತು ಎಂಬ ಪ್ರಶ್ನೆಗೆ ಹೆಚ್ಚಿನವರಿಗೆ ಈ ಲೋಕದಲ್ಲಿ ಉತ್ತರ ಸಿಕ್ಕುವದಿಲ್ಲ. ಯೋಬನಿಗೂ ಸಿಕ್ಕಲಿಲ್ಲ. ಆದರೆ ಇದರಿಂದ ಏನು ಮಾಡಲಿ ಎಂಬದು ಬೇರೆ ಪ್ರಶ್ನೆ. ಅದಕ್ಕೆ ಉತ್ತರ ಸಿಕ್ಕುವದುಂಟು. ಇದಕ್ಕೆ ದೃಷ್ಟಾಂತವಾಗಿ ಮೇರಿ ರೀಡ್ ಎಂಬ ಮಿಸ್ಸಮ್ಮನವರ ಚರಿತ್ರೆಯನ್ನು ಚುಟುಕಾಗಿ ಹೇಳುವೆವು.

ಇವರು ಅಮೇರಿಕದ ಓಹಾಯೊ ಸೀಮೆಯಲ್ಲಿ ೧೮೫೪ರಲ್ಲಿ ಹುಟ್ಟಿದರು. ೧೮೮೪ರಲ್ಲಿ ಮೆಥೊಡಿಸ್ಟ್ ಮಿಶನಿನ ಕೆಲಸಕ್ಕಾಗಿ ಉತ್ತರ ಹಿಂದುಸ್ಥಾನಕ್ಕೆ ಬಂದರು. ಕೆಲವು ವರುಷಗಳಾದ ಮೇಲೆ ಆರೋಗ್ಯ ಕೆಟ್ಟದ್ದರಿಂದ ೧೮೯೦ರಲ್ಲಿ ಸ್ವದೇಶಕ್ಕೆ ಹಿಂದಿರುಗಬೇಕಾಯಿತು. ಬೆರಳಿನಲ್ಲಿ ನೋವು, ಮುಖದ ಮೇಲೆ ಒಂದು ಮಚ್ಚೆ. ಏನೆಂದು ಮೊದಲು ಯಾರಿಗೂ ಗೊತ್ತಾಗಲಿಲ್ಲ. ಕಡೆಗೆ ಅದು ಕುಷ್ಠವೆಂದು ತಿಳಿದುಬಂತು. ಆ ಕಾಲದಲ್ಲಿ ಆ ರೋಗಕ್ಕೆ ವಾಸಿಮಾಡುವ ಔಷಧವಿರಲಿಲ್ಲ. ಅವರು ಮನೆಯಲ್ಲಿ ಉಳಿಯದೆ ೧೮೯೧ರಲ್ಲಿ ತಿರುಗಿ ಈ ದೇಶಕ್ಕೆ ಬಂದು, ಹಿಮಾಲಯದ ಸೀಮೆಯಲ್ಲಿ ಪಿಠೋರಾಗಡದ ಮೇಲಣ ಚಂಡಾಗ್ ಎಂಬ ಗುಡ್ಡದಲ್ಲಿ ಕುಷ್ಠರೋಗಿಗಳ ಆಶ್ರಮದ ಕೆಲಸವನ್ನು ಕೈಕೊಂಡರು. ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಅಲ್ಲಿಯೇ ಇದ್ದು ೧೯೪೩ರಲ್ಲಿ ನಿದ್ರೆಹೋದರು. ಮೊದಲು ಆ ರೋಗಿಗಳ ಬಳಿಗೆ ಕರುಣೆಯಿಂದ ಹೋಗುವ ಪರದೇಶಿಯಾಗಿದ್ದವರು, ತರುವಾಯ ಅವರೊಳಗೆ ಒಬ್ಬರಾದರು. ರೋಗಿಗೆ ಧೈರ್ಯ ಹೇಳುವಾಗ ಅವರ ಬಾಯಲ್ಲಿ ಆ ಮಾತಿಗೆ ಎಷ್ಟು ತೂಕವಿದ್ದಿರಬೇಕೆಂದು ನೀವೇ ಆಲೋಚಿಸಿರಿ. ರೋಗವು ಒಳ್ಳೆಯದೆಂದು ನಾವು ಅನ್ನುವದಿಲ್ಲ. ಅದು ಒಂದು ಬಾಗಿಲನ್ನು ಮುಚ್ಚಿತು. ಕ್ರಿಸ್ತನು ಆ ಮುಚ್ಚಿದ ಮನೆಯೊಳಗೆ ಅವರ ಕೈಗೆ ಕೆಲಸ ಕೊಟ್ಟನು.

ಅದೇ ರೋಗದಿಂದ ನೋವಿನ ವಿಷಯವಾಗಿ ಇನ್ನೊಂದು ಸಂಗತಿಯು ತರುವಾಯದ ಕಾಲದಲ್ಲಿ ಬೆಳಕಿಗೆ ಬಂತು. ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಮಿಶನರಿಗಳ ಮಗನಾಗಿ ೧೯೧೪ರಲ್ಲಿ ಹುಟ್ಟಿದ ಡಾಕ್ಟರ್ ಪೌಲ್ ಬ್ರಾಂಡರು ೧೯೪೬ರಲ್ಲಿ ವೆಲ್ಲೂರಿನ ಕ್ರೈಸ್ತ ವೈದ್ಯಶಾಲೆಗೆ ಬಂದರು. ಕುಷ್ಠರೋಗಿಯ ಬೆರಳುಗಳು ತಾವಾಗಿಯೇ ಕೊಳೆತು ಬೀಳುತ್ತವೆಂದು ಜನರು ನಂಬಿದ್ದರು. ಇವರು ಹತ್ತಿರದಿಂದ ನೋಡಿದಾಗ ಕಂಡದ್ದು ಬೇರೆ. ರೋಗವು ನರಗಳನ್ನು ಕೆಡಿಸಿ ನೋವಿನ ಅರಿವನ್ನು ತೆಗೆದುಬಿಡುತ್ತದೆ. ಆಮೇಲೆ ಮನುಷ್ಯನು ಬಿಸಿ ಪಾತ್ರೆಯನ್ನು ಬರಿಗೈಯಲ್ಲಿ ಹಿಡಿಯುತ್ತಾನೆ, ಕಾಲಿಗೆ ಮುಳ್ಳು ನಾಟಿದರೂ ನಡೆಯುತ್ತಲೇ ಹೋಗುತ್ತಾನೆ, ರಾತ್ರಿಯಲ್ಲಿ ಇಲಿ ಬೆರಳನ್ನು ಕಡಿದರೂ ಎಚ್ಚರವಾಗುವದಿಲ್ಲ. ಕೈಕಾಲು ಹೋಗುವದು ಇಂಥಾ ಗಾಯಗಳಿಂದ. ಮುಳ್ಳು ಚುಚ್ಚಿದಾಗ ಅಯ್ಯೋ ಎನ್ನುವವನ ಕಾಲು ಉಳಿಯುತ್ತದೆ. ಚುಚ್ಚಿದ್ದೇ ತಿಳಿಯದವನ ಕಾಲು ಹೋಗುತ್ತದೆ. ಎಲ್ಲಾ ನೋವಿಗೂ ಇದೇ ಅರ್ಥವೆಂದು ಹೇಳಲಾರೆವು. ಕೆಲವು ನೋವುಗಳು ಯಾವ ಎಚ್ಚರಿಕೆಯನ್ನೂ ಕೊಡದೆ ಬರೇ ಹಿಂಸಿಸುತ್ತವೆ. ಆದರೂ ನೋವಿಲ್ಲದಿರುವದೇ ಆಶೀರ್ವಾದವೆಂಬ ನಮ್ಮ ಎಣಿಕೆಯು ಪೂರ್ತಿ ಸರಿಯಲ್ಲವೆಂದು ಇದರಿಂದ ಕಲಿಯಬಹುದು. ನೆರೆಯವನ ಅಳುವನ್ನು ಕೇಳಿಯೂ ನೋಯದ ಸಭೆಯು ಆರೋಗ್ಯವಾಗಿದೆಯೋ?

(ಈ ರೋಗದ ಹೆಸರನ್ನು ಎತ್ತಿದ ಮೇಲೆ ಒಂದು ಮಾತು. ಈಗ ಅದಕ್ಕೆ ಪೂರ್ಣ ವಾಸಿಯುಂಟು. ೧೯೮೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯವರು ಸೂಚಿಸಿದ ಹಲವು ಔಷಧಗಳ ಚಿಕಿತ್ಸೆಯು ಸರಕಾರಿ ಆಸ್ಪತ್ರೆಗಳಲ್ಲಿ ಧರ್ಮಾರ್ಥವಾಗಿ ಸಿಕ್ಕುತ್ತದೆ. ಮೈಮೇಲೆ ಮುಟ್ಟಿದರೆ ತಿಳಿಯದ ಮಚ್ಚೆ ಕಂಡರೆ ಅಡಗಿಸಿಕೊಳ್ಳದೆ ಆಸ್ಪತ್ರೆಗೆ ಹೋಗಬೇಕು. ಹೋದವರನ್ನು ಸಭೆಯ ಪಂಕ್ತಿಯಿಂದ ದೂರವಿಡಕೂಡದು.)

ಈಗ ಮೊದಲನೆಯ ಅಧ್ಯಾಯಕ್ಕೆ ಬನ್ನಿರಿ. ದೇವರು ನಮ್ಮನ್ನು ಸಂಕಟದಲ್ಲಿ ಸಂತೈಸುವದು, ಅದೇ ಸಂತೈಸುವಿಕೆಯಿಂದ ನಾವು ಬೇರೆಯವರನ್ನು ಸಂತೈಸುವದಕ್ಕಾಗಿ ಎಂದು ಪೌಲನು ಅಲ್ಲಿ ತಿಳಿಸುತ್ತಾನೆ. ನಾವು ಬಲ್ಲ ಒಂದು ಸಭೆಯಲ್ಲಿ ಲಕ್ವ ಹೊಡೆದು ಹಾಸಿಗೆ ಹಿಡಿದ ಒಬ್ಬ ಅಜ್ಜಿಯಿದ್ದರು. ದೇವಾಲಯಕ್ಕೆ ಬರಲಾರರು, ಒಂದು ಕೈ ಏಳದು. ಆದರೆ ಊರಿನಲ್ಲಿ ಗಂಡನೊಡನೆ ಜಗಳವಾದ ಸೊಸೆಯರೂ, ಪರೀಕ್ಷೆಯಲ್ಲಿ ಬಿದ್ದ ಹುಡುಗರೂ ಹೋಗಿ ಅಳುತ್ತಿದ್ದದ್ದು ಆ ಮಂಚದ ಬಳಿಯಲ್ಲಿಯೇ. ನಾವು ಪ್ರತಿ ಭಾನುವಾರ ಸಂಜೆ ಹೋದಾಗ ಅವರು ಮೊದಲು ಕೇಳುತ್ತಿದ್ದದ್ದು ಇಷ್ಟೇ: “ಇವತ್ತು ಗುಡಿಗೆ ಯಾರು ಯಾರು ಬರಲಿಲ್ಲ, ಅಯ್ಯನವರೇ? ಹೆಸರು ಹೇಳಿ ಹೋಗ್ರಿ, ನನಗೆ ರಾತ್ರಿ ನಿದ್ದೆ ಬರೋದಿಲ್ಲ.” ನಿದ್ದೆ ಬಾರದ ರಾತ್ರಿಯನ್ನು ಆ ಅಜ್ಜಿಯು ಸಭೆಗೆ ಕಾಣಿಕೆಯಾಗಿ ಕೊಟ್ಟಿದ್ದರು. ವಾಸಿಯಾಗಲೆಂದು ಅವರೂ ಬೇಡಿಕೊಳ್ಳುತ್ತಲೇ ಇದ್ದರು, ಅದನ್ನು ಬಿಟ್ಟಿರಲಿಲ್ಲ.

ಅದೇ ಅಧ್ಯಾಯದಲ್ಲಿ ಪೌಲನು, ಆಸ್ಯ ಸೀಮೆಯಲ್ಲಿ ತನಗೆ ಬಂದ ಸಂಕಟದ ಭಾರವು ಶಕ್ತಿಗೆ ಮೀರಿದ್ದಾಗಿ, ಜೀವದ ಆಶೆಯನ್ನೇ ಬಿಟ್ಟೆನೆಂದು ಮರೆಮಾಜದೆ ಹೇಳಿಕೊಂಡಿದ್ದಾನೆ. ಅದಾದ ಮೇಲೆ, ನಿಮ್ಮ ವಿಜ್ಞಾಪನೆಗಳಿಂದ ನಮಗೆ ಸಹಾಯಮಾಡಿರಿ ಎಂಬದಾಗಿ ಕೊರಿಂಥದವರನ್ನು ಕೇಳಿಕೊಳ್ಳುತ್ತಾನೆ. ತನ್ನನ್ನು ನೋಡಿ ನಕ್ಕ ಆ ಸಭೆಯವರನ್ನೇ!

ಆದದರಿಂದ ಹಿರಿಯರೂ ಸ್ತ್ರೀಯರ ಕೂಟದವರೂ ರೋಗಿಯ ಮನೆಗೆ ಹೋಗುವಾಗ ಇದನ್ನು ಜ್ಞಾಪಕದಲ್ಲಿಡಬೇಕು. ಯೋಬನ ಸ್ನೇಹಿತರು ಏಳು ಹಗಲು ಏಳು ರಾತ್ರಿ ಅವನ ಸಂಗಡ ನೆಲದ ಮೇಲೆ ಮಾತಿಲ್ಲದೆ ಕೂತಿದ್ದರು. ಅವರು ಮಾಡಿದ್ದರಲ್ಲಿ ಅದೇ ಉತ್ತಮವಾದದ್ದು. ಬಾಯಿ ತೆರೆದ ಮೇಲೆ ದೇವರ ಕೋಪಕ್ಕೆ ಗುರಿಯಾದರು. ಕಾರಣ ಹುಡುಕುವ ಮಾತನ್ನು ಬಾಗಿಲಲ್ಲಿಯೇ ಬಿಟ್ಟು ಒಳಗೆ ಹೋಗಿರಿ. ರೋಗಿಗೆ ಶಕ್ತಿಯಿದ್ದರೆ ಮೊದಲನೆಯ ಅಧ್ಯಾಯದ ಒಂಬತ್ತು ವಚನಗಳನ್ನು, ಮೂರರಿಂದ ಹನ್ನೊಂದರ ತನಕ, ನಿಧಾನವಾಗಿ ಓದಿರಿ. ಶಕ್ತಿಯಿಲ್ಲದಿದ್ದರೆ ಓದಬೇಡಿರಿ, ಒಂದು ಕೊಡ ನೀರು ತಂದಿಡಿರಿ, ದನಕ್ಕೆ ಹುಲ್ಲು ಹಾಕಿರಿ, ಆಸ್ಪತ್ರೆಗೆ ಯಾರು ಸಂಗಡ ಹೋಗುವರೆಂಬದನ್ನು ಗೊತ್ತುಮಾಡಿರಿ. ಏಳುವದಕ್ಕೆ ಮುಂಚೆ ರೋಗಿಯನ್ನೇ, ನಮಗೋಸ್ಕರ ಪ್ರಾರ್ಥನೆ ಮಾಡಿರಿ ಎಂದು ಕೇಳಿಕೊಳ್ಳಿರಿ. ಸ್ವರವು ಸಣ್ಣದಾಗಿದ್ದರೂ, ಮಾತು ನಡುವೆ ನಿಂತುಹೋದರೂ, ಮುಗಿಯುವ ತನಕ ತಲೆಬಾಗಿಸಿಕೊಂಡು ಕಾದುಕೊಂಡಿರಿ.